ಗೃಹಧ್ವನಿಮುದ್ರಣ ದೋಷಮೀಮಾಂಸೆ

ಮನೆಯ ಕಂಪ್ಯೂಟರಿನಲ್ಲಿ ಸಂಗೀತ ಮುದ್ರಿಸಿಕೊಳ್ಳುವಾಗ ತಲೆದೋರುವ ದೋಷಗಳ ಬಗ್ಗೆ ನಮ್ಮಲ್ಲಿ ಶಾಸ್ತ್ರಗ್ರಂಥವಿಲ್ಲ. ಆಲಂಕಾರಿಕರು ಕಾವ್ಯದೋಷಗಳನ್ನು ಎಣಿಸಿದರು, ವೈದ್ಯರು ತ್ರಿದೋಷ ಹೇಳಿದರು, ಜೋಯಿಸರು ಕುಜದೋಷವೊಂದರಲ್ಲೇ ಮನೆ ಕಟ್ಟಿಸಿದರು. ಹೆಡ್‌ಫೋನಿನಲ್ಲಿ ಗುಂಯ್‌ಗುಡುವ ದೋಷಕ್ಕೆ ಮಾತ್ರ ಭಾಷ್ಯಕಾರರು ಸಿಗಲಿಲ್ಲ. ಆ ಕೊರತೆ ನೀಗಲು ಈ ಕಿರುಗ್ರಂಥ.

ಸಂಪ್ರದಾಯದಂತೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಿಬಿಡುತ್ತೇವೆ. ಅಧಿಕಾರಿ: ಈಗಾಗಲೇ ಮೈಕು ಕೊಂಡಿರುವವನು. ವಿಷಯ: ಬರಬೇಕಾದ್ದು ಬಾರದಿರುವುದು, ಬರಬಾರದ್ದು ಬರುವುದು. ಸಂಬಂಧ: ಯುಎಸ್‌ಬಿ ಕೇಬಲ್ಲು. ಪ್ರಯೋಜನ: ಇನ್ನೊಂದು ಮೈಕು ಕೊಳ್ಳದೆ ಉಳಿಯುವುದು.

ಇತಿಹಾಸ ಪ್ರಕರಣ

1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರಿಗಾಗಿ ಹಾಡಿದರು. ಕೊಂಬಿನೊಳಕ್ಕೆ ಹಾಡಬೇಕು, ಕೊಂಬಿನ ತುದಿಯ ಸೂಜಿ ಮೇಣದ ಮೇಲೆ ಗೀರಬೇಕು. ನಡುವೆ ವಿದ್ಯುತ್ತಿನ ಸೋಂಕಿಲ್ಲ. ಅದೇ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಹೀಗೆ ನಮ್ಮ ಧ್ವನಿಮುದ್ರಣವೂ ನಮ್ಮ ವಿದ್ಯುತ್ತೂ ಒಂದೇ ವರ್ಷ ಹೆಸರು ಮಾಡಿದ ದಾಯಾದಿಗಳು. 1925ರಲ್ಲಿ ಮೈಕಿನ ಮೂಲಕ ವಿದ್ಯುತ್ ಮುದ್ರಣ ಬಂದದ್ದೇ ಇಬ್ಬರಿಗೂ ಒಂದೇ ಮನೆಯಾಯಿತು. ಜಗಳ ಅಂದಿನಿಂದ ನಡೆದಿದೆ. ಗೌಹರ್ ಜಾನ್ ಮೈಸೂರು ಅರಮನೆಯ ವಿದುಷಿಯಾಗಿ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಲ್ಯಾಪ್‌ಟಾಪ್ ಚಾರ್ಜರಿನ ಕಾಟ ಅವರಿಗೆ ತಟ್ಟಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಅಡಾಸಿಟಿ ತಂತ್ರಾಂಶ 2000ದಲ್ಲಿ ಪುಕ್ಕಟೆಯಾಗಿ ಬಿಡುಗಡೆಯಾದಾಗ ಸ್ಟುಡಿಯೋದ ಬಾಡಿಗೆ ಉಳಿಯಿತು. ಸ್ಟುಡಿಯೋ ಎಂಜಿನಿಯರ್‌ನ ತಲೆನೋವು ಮಾತ್ರ ಗೃಹಸ್ಥನ ತಲೆಗೆ ವರ್ಗವಾಯಿತು.

ಪೂರ್ವಪಕ್ಷ

ದೋಷಪರಿಹಾರದಲ್ಲಿ ಮೂರು ಮತಗಳಿವೆ. ಪುನರ್ಜನ್ಮವಾದಿಗಳು ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡು ಎನ್ನುತ್ತಾರೆ. ಇದರಿಂದ ಆಗಾಗ ಗುಣವಾಗುವುದೂ ಉಂಟು. ಏಕೆ ಗುಣವಾಯಿತೆಂದು ತಿಳಿಯದ ಕಾರಣ ಮರುದಿನ ಮತ್ತೆ ಅದೇ ಜನ್ಮ. ತಂತುವಾದಿಗಳಿಗೆ ಎಲ್ಲ ಪಾಪವೂ ವೈರಿನಲ್ಲಿದೆ. ಮೂರನೆಯವರಾದ ಕ್ರಯವಾದಿಗಳ ಪ್ರಕಾರ ಈಗಿರುವುದೆಲ್ಲ ಮಿಥ್ಯೆ, ಮುಂದೆ ಕೊಳ್ಳಲಿರುವುದೇ ಸತ್ಯ. ಈ ಮತಕ್ಕೆ ಅನುಯಾಯಿಗಳು ಹೆಚ್ಚು, ಕಂತು ಕಟ್ಟುವವರು ಇನ್ನೂ ಹೆಚ್ಚು. ಮೂರನ್ನೂ ಕ್ರಮವಾಗಿ ಖಂಡಿಸುತ್ತೇವೆ.

ನಿಶ್ಶಬ್ದ ಪ್ರಕರಣ

ಹಾಡಿದ್ದೇನೋ ಹಾಡಿಯಾಯಿತು, ಪರದೆಯ ಮೇಲೆ ಅಲೆಯ ಬದಲು ನೇರ ಗೆರೆ. ಶಬ್ದವಿಲ್ಲ ಎಂದು ಗೋಳಾಡುವವರು ಯಾವ ಬಗೆಯ ಇಲ್ಲ ಎಂದು ಹೇಳುವುದೇ ಇಲ್ಲ. ನೈಯಾಯಿಕರು ಅಭಾವವನ್ನು ನಾಲ್ಕಾಗಿ ಸೀಳಿಟ್ಟಿದ್ದಾರೆ. ನಮಗೆ ನಾಲ್ಕೂ ಬೇಕು.

ಪ್ರಾಗಭಾವ: ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಟ್ರ್ಯಾಕಿನ ಮೇಲಿನ ಕೆಂಪು ಗುಂಡಿ ಒತ್ತದೆ ಹಾಡಿದ ವರ್ಣ ಇದಕ್ಕೆ ಉದಾಹರಣೆ. ಪ್ರಧ್ವಂಸಾಭಾವ: ಹುಟ್ಟಿ ನಾಶವಾದದ್ದು. ‘ಸೇವ್ ಮಾಡಲೇ?’ ಎಂದು ಕಂಪ್ಯೂಟರು ಕೇಳಿದಾಗ ಅವಸರದಲ್ಲಿ ‘ಬೇಡ’ ಒತ್ತಿದ ಕೀರ್ತನೆ. ಇದಕ್ಕೆ ಪರಿಹಾರವಿಲ್ಲ, ಸೂತಕವಷ್ಟೇ. ಅತ್ಯಂತಾಭಾವ: ಮೂರು ಕಾಲದಲ್ಲೂ ಇಲ್ಲದ್ದು. ಕಂಡೆನ್ಸರ್ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಕೊಡದಿದ್ದರೆ ಅದು ಯೋಗನಿದ್ರೆಯಿಂದ ಏಳದು. ತಂತ್ರಾಂಶಕ್ಕೆ ಮೈಕ್ ಬಳಸಲು ಅನುಮತಿ ಇಲ್ಲದಿದ್ದರೂ ಫಲ ಅದೇ. ಮ್ಯಾಕ್ ಕಂಪ್ಯೂಟರುಗಳು 2018ರಿಂದ ಈ ಅನುಮತಿ ಕೇಳುತ್ತಿವೆ. ಓದದೆ ‘ಬೇಡ’ ಎಂದವರು ಅಂದಿನಿಂದ ಮೈಕನ್ನೇ ಬೈಯುತ್ತಿದ್ದಾರೆ.

ನಾಲ್ಕನೆಯದು ಅನ್ಯೋನ್ಯಾಭಾವ: ಇದು ಅದಲ್ಲ, ಅದು ಇದಲ್ಲ. ಗಾಯಕ ಸಾವಿರಾರು ರೂಪಾಯಿಯ ಮೈಕಿನ ಮುಂದೆ ಹಾಡುತ್ತಾನೆ. ಕಂಪ್ಯೂಟರು ಪರದೆಯ ನೆತ್ತಿಯ ಮೇಲಿರುವ ವೆಬ್‌ಕ್ಯಾಮಿನ ಮೈಕಿಗೆ ಕಿವಿಗೊಟ್ಟು ಕೂತಿರುತ್ತದೆ. ಧ್ವನಿ ಬರುತ್ತದೆ, ಬಾವಿಯೊಳಗಿಂದ ಬರುತ್ತದೆ. ಕ್ರಯವಾದಿ ಇಲ್ಲೇ ‘ಮೈಕು ಸರಿಯಿಲ್ಲ’ ಎಂದು ಹೊಸದನ್ನು ತರಿಸುತ್ತಾನೆ. ಕಂಪ್ಯೂಟರು ಎಂದಿನಂತೆ ವೆಬ್‌ಕ್ಯಾಮಿಗೇ ನಿಷ್ಠವಾಗಿರುತ್ತದೆ. ಪರೀಕ್ಷೆ ಸುಲಭ: ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮೀಟರು ಜಿಗಿಯದಿದ್ದರೆ ಕಿವಿ ಬೇರೆಲ್ಲೋ ಇದೆ. ಸೆಟ್ಟಿಂಗಿನ ಇನ್‌ಪುಟ್ ಪಟ್ಟಿಯಲ್ಲಿ ಹೆಸರು ಬದಲಿಸಿದರೆ ಮುಗಿಯಿತು.

ಗುಂಯ್ಕಾರ ಪ್ರಕರಣ

ಭಾರತದ ಮನೆವಿದ್ಯುತ್ತು ಸೆಕೆಂಡಿಗೆ 50 ಆವರ್ತ ಹಾಕುತ್ತದೆ. ಅದು ವೈರಿನೊಳಗೆ ನುಸುಳಿದಾಗ 50 ಹರ್ಟ್ಸ್ ಒಂದೇ ಅಲ್ಲ, 100, 150, 200 ಎಂಬ ಪರಿವಾರವೂ ಬರುತ್ತದೆ. 100 ಹರ್ಟ್ಸನ್ನು ಷಡ್ಜವೆಂದು ಹಿಡಿದರೆ 150 ಸರಿಯಾಗಿ ಪಂಚಮ, 200 ಮೇಲಿನ ಷಡ್ಜ. ಅಂದರೆ ವಿದ್ಯುತ್ ಮಂಡಳಿ ತಿಂಗಳ ಬಿಲ್ಲಿನ ಜತೆಗೆ ಒಂದು ತಂಬೂರಿಯನ್ನೂ ಉಚಿತವಾಗಿ ಕೊಡುತ್ತಿದೆ. ತೊಂದರೆ ಒಂದೇ: ಇದರ ಶ್ರುತಿ ಬಿಳಿ ಐದಕ್ಕಿಂತ ಅರ್ಧಸ್ವರದ ಮೂರನೇ ಒಂದರಷ್ಟು ಏರಿರುತ್ತದೆ, ಬಿರಡೆಯೂ ಇಲ್ಲ.

ಕಾರಣ ಬಹುಮಟ್ಟಿಗೆ ಭೂಸಂಬಂಧದ್ದು. ಕಂಪ್ಯೂಟರು ಒಂದು ಗೋಡೆಯ ಸಾಕೆಟ್ಟಿನಲ್ಲಿ, ಸ್ಪೀಕರು ಇನ್ನೊಂದರಲ್ಲಿ; ಎರಡರ ಅರ್ತಿಂಗ್ ನಡುವೆ ಸಣ್ಣ ಅಂತರ, ಅದನ್ನು ತುಂಬಲು ಸಿಗ್ನಲ್ ಕೇಬಲ್ಲಿನ ಮೂಲಕ ವಿದ್ಯುತ್ತಿನ ಓಡಾಟ. ಮೊದಲು ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಗುಂಯ್ಕಾರ ನಿಂತರೆ ಆರೋಪಿ ಸಿಕ್ಕಿದ. ಬಳಿಕ ಎಲ್ಲ ಪ್ಲಗ್ಗುಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಅರ್ತಿಂಗ್ ಪಿನ್ನನ್ನೇ ಮುರಿದುಹಾಕು ಎನ್ನುವ ತಂತುವಾದಿಯ ಮಾತು ಮಾತ್ರ ಕೇಳಬೇಡಿ. ಅದರಿಂದ ಗುಂಯ್ಕಾರದ ಜತೆ ಗಾಯಕನೂ ನಿಲ್ಲುವ ಅಪಾಯವಿದೆ.

ಕಾಲ ಪ್ರಕರಣ

ಧ್ವನಿಯನ್ನು ಕಂಪ್ಯೂಟರು ಕಂತೆ ಕಟ್ಟಿ ಒಯ್ಯುತ್ತದೆ. ಕಂತೆಯ ಹೆಸರು ಬಫರ್. ಸೆಕೆಂಡಿಗೆ 48,000 ಮಾದರಿಗಳಂತೆ ಮುದ್ರಿಸುವಾಗ 1,024ರ ಬಫರ್ ತುಂಬಲು ಸುಮಾರು 21 ಮಿಲಿಸೆಕೆಂಡು. ಹೋಗಿ ಬರಲು ಕಡಿಮೆಯೆಂದರೂ ಅದರ ಎರಡರಷ್ಟು. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಹೆಚ್ಚುಕಡಿಮೆ 15 ಮೀಟರ್ ಸಾಗುತ್ತದೆ. ಮೃದಂಗದವರು ತಮ್ಮ ಕೈಯನ್ನೇ ಬೀದಿಯಾಚೆಯ ಮನೆಯಿಂದ ಕೇಳಿಸಿಕೊಂಡು ನುಡಿಸಿದರೆ ತಾಳ ಏನಾಗಬೇಡ? ಬಫರ್ 64ಕ್ಕೆ ಇಳಿಸಿದರೋ, ಕಂಪ್ಯೂಟರಿಗೆ ಉಸಿರಾಡಲು ಪುರಸತ್ತಿಲ್ಲದೆ ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ. ಮುದ್ರಿಸುವಾಗ 128, ಮಿಶ್ರಣ ಮಾಡುವಾಗ 1,024 ಎಂಬುದು ಮಧ್ಯಮಮಾರ್ಗ. ವಿಂಡೋಸಿನಲ್ಲಿ ಎಎಸ್‌ಐಒ ಡ್ರೈವರ್ ಹಾಕಿ. ಬ್ಲೂಟೂತ್ ಹೆಡ್‌ಫೋನು ವಾಕಿಂಗಿಗೆ ಇರಲಿ.

ಕಾಲದೋಷದ ಇನ್ನೊಂದು ಮುಖ ಶ್ರುತಿದೋಷ. 44,100ರಲ್ಲಿ ಮುದ್ರಿಸಿದ್ದನ್ನು 48,000 ಎಂದು ತಪ್ಪಾಗಿ ಓದಿಸಿದರೆ ನೀವು ಹಿಡಿದ ಷಡ್ಜ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ನಡುವೆ ಹೋಗಿ ನಿಲ್ಲುತ್ತದೆ. ಎಪ್ಪತ್ತೆರಡು ಮೇಳಗಳಲ್ಲಿ ಅದಕ್ಕೆ ಮನೆಯಿಲ್ಲ. ಎಲ್ಲ ಕಡೆಯೂ ಒಂದೇ ಸಂಖ್ಯೆ ಇದೆಯೇ ನೋಡಿ.

ಅತಿರೇಕ ಪ್ರಕರಣ

ಡಿಜಿಟಲ್ ಲೋಕಕ್ಕೆ 0 ಡೆಸಿಬೆಲ್ ಛಾವಣಿ. ಅದನ್ನು ಮುಟ್ಟಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಮತ್ತೆ ಚಿಗುರದು. ಆದರೂ ಗಾಯಕರು ಮಂದ್ರದಲ್ಲಿ ‘ಸ ಪ ಸ’ ಎಂದು ಸಂಕೋಚದಿಂದ ಗುನುಗಿ ಲೆವೆಲ್ ಇಡಿಸಿಕೊಂಡು, ಚರಣದಲ್ಲಿ ತಾರಷಡ್ಜಕ್ಕೆ ಏಕಾಏಕಿ ಲಗ್ಗೆ ಹಾಕುತ್ತಾರೆ. ಲೆವೆಲ್ ಇಡಬೇಕಾದ್ದು ಆ ಲಗ್ಗೆಗೆ. ಅದು ಮೈನಸ್ 12ರ ಆಸುಪಾಸಿನಲ್ಲಿದ್ದರೆ ಕ್ಷೇಮ. 24 ಬಿಟ್ ಮುದ್ರಣದಲ್ಲಿ 1,67,77,216 ಮೆಟ್ಟಿಲುಗಳಿವೆ. ಎಲ್ಲವನ್ನೂ ಹತ್ತಲೇಬೇಕೆಂಬ ಹರಕೆ ಯಾರೂ ಹೊತ್ತಿಲ್ಲ.

ಕಡೆಯದಾಗಿ, ಗದ್ದಲ ನಿವಾರಣೆ ಎಂಬ ಉಪಕಾರಿ. ಕಂಪ್ಯೂಟರು ಕೇಳದೆಯೇ ಒದಗಿಸುವ ಈ ಸೇವೆ ಮಾತುಕತೆಗಾಗಿ ರೂಪಿಸಿದ್ದು. ಬಿಡದೆ ಒಂದೇ ಸಮ ಕೇಳಿಸುವುದೆಲ್ಲ ಗದ್ದಲ ಎಂಬುದು ಅದರ ಸಿದ್ಧಾಂತ. ಹಾಗಾಗಿ ತಂಬೂರಿಯೇ ಮೊದಲ ಬಲಿ, ದೀರ್ಘವಾದ ಕಾರ್ವೆ ಎರಡನೆಯದು. ‘ಸಾಕು, ಊಟಕ್ಕೆ ಬನ್ನಿ’ ಎಂಬ ಅಡುಗೆಮನೆಯ ಕರೆ ಮಾತಾದ್ದರಿಂದ ಸ್ಫುಟವಾಗಿ ಉಳಿದುಕೊಳ್ಳುತ್ತದೆ. ಇದನ್ನು ಆಫ್ ಮಾಡುವುದು ಸಂಗೀತಗಾರನ ನಿತ್ಯಕರ್ಮ.

ಸಿದ್ಧಾಂತ

ಮೂರೂ ಮತಗಳ ದೋಷ ಒಂದೇ: ಹುಡುಕುವ ಮೊದಲೇ ಬದಲಿಸುವುದು, ಅದೂ ಎಲ್ಲವನ್ನೂ ಒಟ್ಟಿಗೆ. ಕೇಬಲ್ಲು, ಡ್ರೈವರು, ಮೈಕು ಮೂರನ್ನೂ ಒಂದೇ ಸಂಜೆ ಬದಲಿಸಿದವನಿಗೆ ರೋಗ ಹೋದರೂ ನಿದಾನ ಸಿಗದು. ಓದುಗರು ಇಷ್ಟು ಮಾಡಬೇಕು: ಒಂದು ಬಾರಿಗೆ ಒಂದನ್ನೇ ಬದಲಿಸಿ, ಹತ್ತು ಸೆಕೆಂಡು ಮುದ್ರಿಸಿ, ಕೇಳಿ, ಬರೆದಿಟ್ಟುಕೊಳ್ಳಿ. ಬಿಡಿಕಾಸು ಖರ್ಚಿಲ್ಲದ ಅನುಮಾನದಿಂದ ಶುರುಮಾಡಿ. ಅಂಗಡಿಗೆ ಹೋಗುವುದು ಕಟ್ಟಕಡೆಗೆ. ಇಷ್ಟೆಲ್ಲ ಆದ ಮೇಲೂ ಅಪಸ್ವರ ಕೇಳಿಸುತ್ತಿದ್ದರೆ ಅದು ಈ ಶಾಸ್ತ್ರದ ವ್ಯಾಪ್ತಿಗೆ ಬಾರದು. ಸಂಗೀತದ ಮೇಷ್ಟರನ್ನು ಕಾಣತಕ್ಕದ್ದು.