ಮುಳುಗುರಾಯ

ಮದುವೆಮನೆಯ ಪಂಕ್ತಿಯಲ್ಲಿ ಅವನನ್ನು ಗುರುತಿಸುವುದು ಸುಲಭ. ಹೋಳಿಗೆಯ ತಟ್ಟೆ ಎದುರು ಬಂದಾಗ ಉಳಿದವರು ಎಲೆಗೆ ಅಡ್ಡ ಕೈ ಹಿಡಿಯುತ್ತಾರೆ. ಅವನು ಮಾತ್ರ ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಉಂಗುರ ಮಾಡಿ ತೋರಿಸುತ್ತಾನೆ. ನೀರಿನಡಿಯಲ್ಲಿ ಅದು ‘ಎಲ್ಲ ಸರಿಯಾಗಿದೆ’ ಎಂಬ ಸನ್ನೆ. ಬಡಿಸುವವನಿಗೆ ಅದೆಲ್ಲಿಂದ ಗೊತ್ತಾಗಬೇಕು? ಇನ್ನೆರಡು ಹೋಳಿಗೆ ಬೀಳುತ್ತವೆ. ಎದುರು ಸಾಲಿನ ಎಂಬತ್ತೆರಡರ ಅಜ್ಜ, ಪಾಯಸ ಚೆನ್ನಾಗಿದೆ ಎಂದು ಹೆಬ್ಬೆರಳೆತ್ತಿದರೆ ಇವನು ತಿದ್ದಲು ಹೊರಡುತ್ತಾನೆ: “ಅಜ್ಜಾ, ಹಾಗೆ ತೋರಿಸಬಾರದು. ಡೈವಿಂಗ್‌ನಲ್ಲಿ ಅದರರ್ಥ ಮೇಲಕ್ಕೆ ಹೋಗೋಣ ಅಂತ.” ಅಜ್ಜ ತಣ್ಣಗೆ ಹೇಳುತ್ತಾರೆ: “ಹೋಗೋದು ಇದ್ದೇ ಇದೆ, ಊಟ ಮುಗೀಲಿ ತಡಿ.”

ಅವನಿಗೂ ಒಂದು ಹೆಸರಿದೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕುರ್ಚಿಯಿದೆ, ಸಾಲದ ಕಂತಿದೆ. ನೆಂಟರಿಗೆ ಮಾತ್ರ ಅವನು ಮುಳುಗುರಾಯ.

ಇದೆಲ್ಲ ಶುರುವಾದದ್ದು ಮುರುಡೇಶ್ವರದಲ್ಲಿ. ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದ, ದಾರಿಯುದ್ದಕ್ಕೂ ವಾಂತಿ ಮಾಡಿದ, ನೀರಿಗಿಳಿದ ಮೇಲೆ ಸುಧಾರಿಸಿಕೊಂಡ. ಒಮ್ಮೆ ಹೋದವನು ಮತ್ತೆ ಹೋದ. ಕೊನೆಗೆ 18 ಮೀಟರ್ ಆಳದವರೆಗೆ ಇಳಿಯಬಹುದೆಂಬ ಕಾರ್ಡನ್ನೂ ಸಂಪಾದಿಸಿದ. ಪರ್ಸಿನಲ್ಲಿ ಆಧಾರ್ ಕಾರ್ಡು ಹಿಂದಕ್ಕೆ ಸರಿದು ಇದು ಮುಂದೆ ಬಂತು.

ಅಷ್ಟಕ್ಕೇ ನಿಂತಿದ್ದರೆ ನೆಂಟರು ಬದುಕಿಕೊಳ್ಳುತ್ತಿದ್ದರು. ಆಮೇಲೆ ಅವನು ಐಸ್‌ಲ್ಯಾಂಡಿಗೆ ಹೋಗಿಬಂದ. ಅಂದಿನಿಂದ ಸಮುದ್ರದ ಮಾತಿಲ್ಲ. “ಉಪ್ಪುನೀರಿಗೆ ಯಾರಾದರೂ ಇಳಿಯುತ್ತಾರೆ. ಸಿಹಿನೀರಿನಲ್ಲಿ ಇಳಿಯಬೇಕು” ಎನ್ನುತ್ತಾನೆ. ಅವನು ಹೇಳುವುದು ಥಿಂಗ್‌ವಲ್ಲವಟ್ನ್ ಸರೋವರದ ಅಂಚಿನ ಸಿಲ್ಫ್ರಾ ಎಂಬ ಬಿರುಕಿನ ವಿಚಾರ. ಸರೋವರದ ಹೆಸರನ್ನು ಒಂದೊಂದು ಮದುವೆಯಲ್ಲಿ ಒಂದೊಂದು ರೀತಿ ಉಚ್ಚರಿಸುತ್ತಾನೆ. ಐಸ್‌ಲ್ಯಾಂಡಿನವರು ಪಕ್ಕದಲ್ಲಿ ಇಲ್ಲದಿರುವುದರಿಂದ ನಡೆಯುತ್ತದೆ. 930ರಲ್ಲಿ ಅವರ ಶಾಸನಸಭೆ ಸೇರಿದ್ದು ಈ ಸರೋವರದ ದಡದ ಬಯಲಿನಲ್ಲಿ. 2004ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅದಕ್ಕೆಲ್ಲ ಮುಳುಗುರಾಯನಿಗೆ ಪುರಸೊತ್ತಿಲ್ಲ, ಅವನದು ನೀರಿನ ಪುರಾಣ.

ನೀರು ಪುರಾಣಕ್ಕೆ ಯೋಗ್ಯವಾದದ್ದೇ, ಅದನ್ನು ಒಪ್ಪಬೇಕು. ಲಾಂಗ್‌ಯೋಕುಲ್ ಎಂಬ ಹಿಮನದಿ ಕರಗಿದ ನೀರು ನೆಲದೊಳಗಿನ ಲಾವಾ ಕಲ್ಲಿನ ಸಂದುಗಳಲ್ಲಿ ಜಿನುಗುತ್ತ, ಸೋಸಿಕೊಳ್ಳುತ್ತ, ಹತ್ತಾರು ವರ್ಷಗಳ ಮೇಲೆ ಈ ಬಿರುಕಿನಲ್ಲಿ ಹೊರಬರುತ್ತದೆ. ಹಾಗಾಗಿ ನೂರು ಮೀಟರ್ ಆಚೆಯದ್ದೂ ನೀರಿನೊಳಗಿಂದ ನಿಚ್ಚಳವಾಗಿ ಕಾಣುತ್ತದೆ. ಬಾಯಿ ತೆರೆದು ಕುಡಿದರೂ ತೊಂದರೆಯಿಲ್ಲ. “ಮೂವತ್ತು ವರ್ಷ ಸೋಸಿದ ನೀರು ಕುಡಿದವನು ನಾನು” ಎಂದು ಎದೆಯುಬ್ಬಿಸುವ ಇದೇ ಮನುಷ್ಯ, ಮನೆಯ ಫಿಲ್ಟರಿನ ಕ್ಯಾಂಡಲ್ ಬದಲಿಸುವವನು ಮೂರು ದಿನ ತಡಮಾಡಿದರೆ ಫೋನಿನಲ್ಲಿ ರಂಪ ಮಾಡುತ್ತಾನೆ.

ಚಳಿಯ ಅಧ್ಯಾಯ ಇನ್ನೂ ದೊಡ್ಡದು. ವರ್ಷವಿಡೀ ನೀರಿನ ಉಷ್ಣತೆ 2ರಿಂದ 4 ಡಿಗ್ರಿ. ದಪ್ಪ ಒಳ ಉಡುಪಿನ ಮೇಲೆ ನೀರು ನುಗ್ಗದ ಡ್ರೈಸೂಟ್ ತೊಡಬೇಕು. ಕುತ್ತಿಗೆಗೆ ಬಿಗಿಯುವ ರಬ್ಬರ್ ಪಟ್ಟಿ ಯಾರೋ ಹಳೇ ಸಾಲಗಾರ ಹಿಡಿದ ಹಾಗಿರುತ್ತದೆ. ತೊಡುವ ಮೊದಲೇ ‘ಹೋಗಿ’ ಬಂದಿರಬೇಕು, ತೊಟ್ಟ ಮೇಲೆ ಹೋಗುವ ಮಾತೇ ಇಲ್ಲ. ಮೈ ಒಣಗಿಯೇ ಇರುತ್ತದೆ, ಆದರೆ ತುಟಿಗೆ ರಕ್ಷಣೆಯಿಲ್ಲ. ಮೇಲೆ ಬಂದ ಮೇಲೆ ಸ್ವಲ್ಪ ಹೊತ್ತು ಪ ಫ ಬ ಭ ಮ ಹೊರಡುವುದಿಲ್ಲ. ಮುಳುಗುರಾಯನಿಗೆ ಆಗ ತನ್ನ ಹೆಸರೇ ಹೇಳಿಕೊಳ್ಳಲು ಬರುತ್ತಿರಲಿಲ್ಲವಂತೆ.

ಅವನ ಮೊಬೈಲಿನಲ್ಲಿ ಒಂದು ಫೋಟೋ ಇದೆ: ಎರಡು ಕೈ ಚಾಚಿ ಎರಡು ಬದಿಯ ಬಂಡೆ ಮುಟ್ಟಿರುವುದು. “ಈ ಕೈ ಅಮೆರಿಕದಲ್ಲಿ, ಈ ಕೈ ಯುರೋಪಿನಲ್ಲಿ!” ಉತ್ತರ ಅಮೆರಿಕದ ಭೂಫಲಕವೂ ಯುರೇಷಿಯದ ಭೂಫಲಕವೂ ಅಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ದೂರ ಸರಿಯುತ್ತಿರುವುದು ನಿಜ, ನಮ್ಮ ಉಗುರು ಬೆಳೆಯುವುದಕ್ಕಿಂತಲೂ ನಿಧಾನವಾಗಿ. ಆದರೆ ಎರಡರ ನಡುವಿನ ಗಡಿ ಹೊಲದ ಬದುವಿನಂತೆ ಒಂದೇ ಗೆರೆಯಲ್ಲ. ಅದು ಕಿಲೋಮೀಟರುಗಟ್ಟಲೆ ಅಗಲದ, ಬಿರುಕುಗಳೇ ತುಂಬಿದ ಕಣಿವೆ. ಸಿಲ್ಫ್ರಾ ಅದರಲ್ಲೊಂದು ಸೀಳು. ಇವನ ಎರಡು ಕೈಯೂ ಇದ್ದದ್ದು ಐಸ್‌ಲ್ಯಾಂಡಿನ ಲಾವಾದ ಮೇಲೆ. ಇದನ್ನು ಅವನಿಗೆ ಹೇಳಿ ಪ್ರಯೋಜನವಿಲ್ಲ, ಫೋಟೋಗೆ ಆಗಲೇ ಫ್ರೇಮ್ ಹಾಕಿಸಿಯಾಗಿದೆ.

ಅವನನ್ನು ಸೋಲಿಸಿದವರು ಇಬ್ಬರೇ. ಒಬ್ಬರು ಹಳ್ಳಿಯ ಸೋದರಮಾವ. ಮುಳುಗುವುದಕ್ಕೆ ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಳ್ಳಬೇಕೆಂದೂ, ಉಪ್ಪುನೀರು ಲೀಟರಿಗೆ ಸುಮಾರು 25 ಗ್ರಾಂ ಹೆಚ್ಚು ಭಾರವಾದ್ದರಿಂದ ಅದು ನಮ್ಮನ್ನು ಹೆಚ್ಚು ಎತ್ತುತ್ತದೆಂದೂ, ಸಾಮಾನು ಸಮೇತ ನೂರು ಕಿಲೋ ತೂಗುವವನು ಸಿಹಿನೀರಿನಲ್ಲಿ ಎರಡೂವರೆ ಕಿಲೋ ಸೀಸ ಕಡಿಮೆ ಮಾಡಬೇಕೆಂದೂ ಅವನು ವಿವರಿಸಿದ. ಲೆಕ್ಕ ಸರಿಯೇ. ಮಾವ ಎಲ್ಲ ಕೇಳಿ, “ನಾವು ಬೆನ್ನಿಗೆ ಸೋರೆಬುರುಡೆ ಕಟ್ಕೊಂಡು ಬಾವಿಗೆ ಹಾರ್ತಿದ್ವಿ, ತೇಲ್ಲಿ ಅಂತ. ನೀನು ದುಡ್ಡು ಕೊಟ್ಟು ಸೀಸ ಕಟ್ಕೊಂಡ್ಯೇನೋ?” ಎಂದರು.

ಇನ್ನೊಬ್ಬರು ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯ ಕಾರವಾರದ ಅಮ್ಮ. ಸಿಲ್ಫ್ರಾದ ಪೂರ್ತಿ ವಿಡಿಯೋ ತಾಳ್ಮೆಯಿಂದ ನೋಡಿದರು. ನೀಲಿ ನೀರು, ಕರಿ ಬಂಡೆ, ಕೂದಲಿನಂತೆ ತೇಲುವ ಹಸಿರು ಪಾಚಿ. ಮುಗಿದ ಮೇಲೆ ಕೇಳಿದರು: “ಮೀನು ಎಲ್ಲಿ?” ಬಿರುಕಿನಲ್ಲಿ ಮೀನು ಸಿಗುವುದು ಅಪರೂಪ ಎಂದ. “ಒಂದು ಬಂಗುಡೆಯೂ ಇಲ್ಲದ ನೀರಿಗೆ ಅಷ್ಟು ದೂರ ಹೋದೆಯಾ ಮಾರಾಯ?” ಪಾಪ, ಅವನಿಗೊಂದು ಒಳ್ಳೆಯ ಉತ್ತರ ಇತ್ತು. ಆ ಸರೋವರದಲ್ಲಿ ಆರ್ಕ್‌ಟಿಕ್ ಚಾರ್ ಎಂಬ ಒಂದೇ ಮೀನು ನಾಲ್ಕು ಬೇರೆ ಬೇರೆ ರೂಪ ತಾಳಿ ಬದುಕುತ್ತಿದೆ. ಒಂದು ತಳದ ಬಸವನಹುಳು ತಿಂದುಕೊಂಡಿದೆ, ಇನ್ನೊಂದು ಉಳಿದ ಮೀನುಗಳನ್ನೇ ತಿಂದುಕೊಂಡಿದೆ. ಜೀವಶಾಸ್ತ್ರದವರು ಅದಕ್ಕಾಗಿಯೇ ಅಲ್ಲಿಗೆ ಹೋಗುತ್ತಾರೆ. ಮುಳುಗುರಾಯ ಆ ವಿಷಯ ಓದಿಯೇ ಇರಲಿಲ್ಲ. ಅಲ್ಲಿದ್ದಷ್ಟು ಹೊತ್ತೂ ಅವನು ಕ್ಯಾಮೆರಾದ ಕೋನ ಸರಿಮಾಡುತ್ತಿದ್ದ.

ಕಥೆಯ ಒಂದು ಎಳೆ ಮಾತ್ರ ಬಹಳ ದಿನ ಹೊರಗೆ ಬಂದಿರಲಿಲ್ಲ. ಕಳೆದ ಮದುವೆಯಲ್ಲಿ ಅವನ ಹೆಂಡತಿ ಕೈತೊಳೆಯುತ್ತ ಸಹಜವಾಗಿ ಹೇಳಿಬಿಟ್ಟಳು. ಸಿಲ್ಫ್ರಾದಲ್ಲಿ ಸಿಲಿಂಡರ್ ಹೊತ್ತು ಇಳಿಯಬೇಕಾದರೆ ಡ್ರೈಸೂಟಿನಲ್ಲಿ ಡೈವ್ ಮಾಡಿದ ಅನುಭವಕ್ಕೆ ದಾಖಲೆ ಕೇಳುತ್ತಾರೆ. ನೇತ್ರಾಣಿಯ ಬೆಚ್ಚಗಿನ ನೀರಿನಲ್ಲಿ ಅದೆಲ್ಲಿ ಬರಬೇಕು? ಇಬ್ಬರಿಗೂ ಸ್ನಾರ್ಕೆಲ್ ಕೊಟ್ಟರು. ಗಾಳಿ ತುಂಬಿದ ಆ ಸೂಟಿನಲ್ಲಿ ಮುಳುಗಬೇಕೆಂದರೂ ಮುಳುಗಲು ಆಗುವುದಿಲ್ಲ. ಮುಖ ಕೆಳಗೆ ಮಾಡಿ, ಮೆಲ್ಲಗೆ ಹರಿಯುವ ನೀರಿನ ಜೊತೆ ಅರ್ಧ ಗಂಟೆ ತೇಲಿಕೊಂಡು ಬಂದರು.

ಮುಂದಿನ ಮದುವೆಯಲ್ಲಿ ಅವನ ಪಕ್ಕದ ಎಲೆ ನಿಮಗೆ ಸಿಕ್ಕರೆ ಎದ್ದು ಹೋಗಬೇಡಿ. ಸೀಸದ ಲೆಕ್ಕ ಕೇಳಿ, ನೀರು ಸೋಸುವ ಬಗೆ ಕೇಳಿ, ಚೆನ್ನಾಗಿ ಹೇಳುತ್ತಾನೆ. ಎಷ್ಟು ಆಳಕ್ಕೆ ಹೋಗಿದ್ದಿರಿ ಎಂಬ ಪ್ರಶ್ನೆಯನ್ನು ಮಾತ್ರ ಅವನ ಹೆಂಡತಿ ಪಂಕ್ತಿಯಲ್ಲಿ ಇಲ್ಲದಾಗ ಕೇಳಿ.