ಯುವನಿಧಿ ಅರ್ಜಿದಾರರ ಗುಟ್ಟು ಕಾಪಾಡುವ ಕ್ರಮ

(ಅರ್ಜಿ ತುಂಬಿಕೊಡುವ ಸೈಬರ್ ಸೆಂಟರ್ ಮಾಲೀಕರ ಉಪಯೋಗಕ್ಕೆ ಮಾತ್ರ)

ಮೊದಲು ಮಾನಿಟರನ್ನು ರಸ್ತೆಯ ಕಡೆಗೆ ತಿರುಗಿಸಿಡಿ. ಪಾರದರ್ಶಕತೆ ಮುಖ್ಯ.

ಅರ್ಜಿದಾರಳು ಬಂದಾಗ ಹೊರಗಿನ ಬೆಂಚಿಗೂ ಕೇಳಿಸುವಂತೆ, ‘ಡಿಗ್ರಿಯಾ, ಡಿಪ್ಲೊಮಾನಾ ಅಮ್ಮಾ?’ ಎನ್ನಿ. ಸರ್ಕಾರದ ಈ ನಿರುದ್ಯೋಗ ಭತ್ಯೆ ಡಿಗ್ರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾಕ್ಕೆ 1,500, ಹೆಚ್ಚೆಂದರೆ ಎರಡು ವರ್ಷ ಎಂಬುದು ಬೆಂಚಿಗೆ ಗೊತ್ತು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದವರಿಗಷ್ಟೇ ಈ ದುಡ್ಡು ಎಂಬುದೂ ಗೊತ್ತು. ಉಳಿದ ಲೆಕ್ಕ ಅವರೇ ಹಾಕಿಕೊಳ್ಳುತ್ತಾರೆ. ಆಧಾರ್‌ನ ಹನ್ನೆರಡು ಅಂಕೆ ಯಾವ ನೆರೆಯವರಿಗೂ ನೆನಪಿರುವುದಿಲ್ಲ. ‘ಅವಳಿಗಿನ್ನೂ ಕೆಲಸ ಆಗಿಲ್ಲವಂತೆ’ ಎಂಬುದು ಮದುವೆ ಮಾತುಕತೆಯ ತನಕ ನೆನಪಿರುತ್ತದೆ.

ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತಂದವರನ್ನು ಕನಿಕರದಿಂದ ನೋಡಿ, ‘ಇದೆಲ್ಲ ನಡೆಯಲ್ಲ’ ಎಂದು ವಾಪಸ್ ಕಳಿಸಿ. ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ಕು ನಿಮ್ಮ ವಾಟ್ಸಾಪಿಗೇ ಬರಲಿ. ಅಲ್ಲಿಂದ ಡೌನ್‌ಲೋಡ್ಸ್ ಫೋಲ್ಡರಿಗೆ. ರೇಷನ್ ಕಾರ್ಡ್ ಪ್ರಿಂಟಿಗೆ ಬಂದವರು ತಮ್ಮ ಫೈಲು ಹುಡುಕುತ್ತ ಅವನ್ನೂ ತೆರೆದು ನೋಡಿದರೆ ಬೇಜಾರಾಗಬೇಡಿ. ಒಟಿಪಿ ಬಂದಾಗ ಕೂಗಿ ಕೇಳಿ, ಬಂದ ಅಂಕೆಯನ್ನು ಕೂಗಿಯೇ ಖಚಿತಪಡಿಸಿಕೊಳ್ಳಿ. ಅರ್ಜಿ ಹಾಕುವ ಸೇವಾಸಿಂಧು ಪೋರ್ಟಲಿನ ಪಾಸ್‌ವರ್ಡು ಎಲ್ಲರಿಗೂ ಒಂದೇ ಇರಲಿ, ಗೋಡೆಗೂ ಅಂಟಿಸಿರಲಿ.

ಕೆಟ್ಟ ಜೆರಾಕ್ಸ್ ಹರಿಯಬೇಡಿ. ಹಿಂಬದಿಯಲ್ಲಿ ದಿನದ ಲೆಕ್ಕ ಬರೆಯಬಹುದು.

ಕಾನೂನಿನ ಭಯವೇ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಹೇಳಿದ್ದು ನಿಜ. ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೇ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೆ ದಂಡವೂ ಇದೆ. ಆದರೆ ಅದು ಡಿಜಿಟಲ್ ಮಾಹಿತಿಗೆ ಸಂಬಂಧಿಸಿದ್ದು. ಕಾಗದದಲ್ಲೇ ಉಳಿದ ಜೆರಾಕ್ಸಿಗೆ ಅನ್ವಯಿಸುವುದಿಲ್ಲ. ಬೆಂಚಿಗಂತೂ ಇಲ್ಲವೇ ಇಲ್ಲ. ಇನ್ನು ಸರ್ಕಾರದ ಸರ್ವರ್ರು, ಅದರ ಬೀಗ ಯಾರ ಕೈಲಿದೆ ಎಂಬ ಚರ್ಚೆ ಬೆಂಗಳೂರಿನವರಿಗೆ ಬಿಡಿ.

ಕೆಲಸ ಸಿಕ್ಕಿಲ್ಲವೆಂದು ಸ್ವಯಂಘೋಷಣೆ ಕೊಡಲು ಅರ್ಜಿದಾರಳು ಆಗಾಗ ಬರಲೇಬೇಕು. ಗುರುತು ಹಿಡಿದು, ‘ಇನ್ನೂ ಸಿಕ್ಕಿಲ್ವಾ?’ ಎಂದು ವಿಚಾರಿಸುವುದು ಸೇವೆಯ ಭಾಗ, ಇದಕ್ಕೆ ಶುಲ್ಕವಿಲ್ಲ.

‘ಅಣ್ಣಾ, ನನ್ನ ಫೈಲು ಡಿಲೀಟ್ ಮಾಡ್ತೀರಾ?’ ಎಂದು ಕೇಳಿದರೆ ಕೂಡಲೇ ಮಾಡಿ, ತೋರಿಸಿಯೇ ಮಾಡಿ. ರಿಸೈಕಲ್ ಬಿನ್ ಮುಟ್ಟಬೇಡಿ. ಮುಂದಿನ ಸಲ ಸ್ಕ್ಯಾನ್ ಮಾಡುವ ಕೆಲಸ ತಪ್ಪುತ್ತದೆ, ಸ್ಕ್ಯಾನಿನ ಹತ್ತು ರೂಪಾಯಿ ಮಾತ್ರ ಮರೆಯದೆ ತೆಗೆದುಕೊಳ್ಳಿ.