ಕುಡಿದಿದ್ದು ನೀರೇ ಸ್ವಾಮಿ!

ಭಾನುವಾರ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿನಲ್ಲಿ ಬೆಂಗಳೂರಿನ ಪುಟ್ಟ ಹ್ಯಾಚ್‌ಬ್ಯಾಕ್ ಒಂದು ಮೊದಲ ತಿರುವಿನಲ್ಲಿ ತಿರುಗದೆ ನೇರ ಮಣ್ಣಿಗಿಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಮಾನ ಒಂದು ಬಿಟ್ಟು. ಸೋಮವಾರ ಬಾನೆಟ್ ಎತ್ತಿದ ಮೆಕ್ಯಾನಿಕ್, "ಇದು ಚೆನ್ನಾಗಿ ಕುಡಿದಿದೆ ಸಾರ್" ಎಂದ. ಆರೋಪಿ ನಾಲ್ಕು ವರ್ಷದ ಹಳೇ ಬ್ರೇಕ್ ಆಯಿಲ್. ಹಳೇ ಕೂಲ್‌ಡ್ರಿಂಕ್ ಬಾಟಲಿಯೊಳಗೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಕೂತಿತ್ತು. ಅಲ್ಲೇ ಮಾತಿಗೆಳೆದೆವು.

ಪ್ರಶ್ನೆ: ಕುಡಿಯೋದು ನಿಜವೇ?

ಆಯಿಲ್: ನಿಜ ಸ್ವಾಮಿ. ಆದರೆ ಕುಡಿದಿದ್ದು ನೀರು. ಗಾಳಿಯಲ್ಲಿರೋ ತೇವ ಹೀರೋದು ನನ್ನ ಹುಟ್ಟುಗುಣ. ಡಬ್ಬಿ ಒಡೆದ ದಿನ ನಾನು 230 ಡಿಗ್ರಿ ತನಕ ಕುದಿಯೋದಿಲ್ಲ. ಡಾಟ್ 4 ಅಂತ ಮೈಮೇಲೆ ಬರೆಸಿಕೊಂಡವರಿಗೆ ಅಷ್ಟಾದರೂ ತಾಕತ್ತು ಇರಲೇಬೇಕು. ನೂರಕ್ಕೆ ಮೂರು ಮುಕ್ಕಾಲು ಪಾಲು ನೀರು ಸೇರಿತು ಅನ್ನಿ, 155ಕ್ಕೇ ಕುದಿ ಬರಬಹುದು. ಮಾರ್ಕೆಟ್ಟಿಗೆ, ಮಾವನ ಮನೆಗೆ ಹೋಗಿಬರೋವಾಗ ಯಾರಿಗೂ ಗೊತ್ತೇ ಆಗೋಲ್ಲ.

ಪ್ರಶ್ನೆ: ಟ್ರ್ಯಾಕಿನಲ್ಲಿ?

ಆಯಿಲ್: ಅಲ್ಲಿ ಬಣ್ಣ ಬಯಲಾಗುತ್ತೆ. ಸಾವಿರ ಕಿಲೋ ಕಾರು, 140ರಲ್ಲಿ ಬಂದು 60ಕ್ಕೆ ಇಳಿಯಬೇಕು. ಆ ವೇಗ ಎಲ್ಲಿ ಹೋಗುತ್ತೆ? ಶಾಖ ಆಗುತ್ತೆ. ಎರಡು ಲೀಟರ್ ತಣ್ಣೀರು ಕುದಿಸುವಷ್ಟು ಶಾಖ, ಮೂರು ಸೆಕೆಂಡಿನಲ್ಲಿ! ನಿಮ್ಮ ಮನೆ ಸ್ಟೌವಿಗೆ ಹೇಳಿ ನೋಡಿ. ಅದು ಒಂದು ತಿರುವಿನ ಲೆಕ್ಕ. ಸುತ್ತು 3.7 ಕಿಲೋಮೀಟರ್, ತಿರುವು ಹನ್ನೆರಡು. ಎಲ್ಲ ಕಡೆ ಅಷ್ಟು ಒತ್ತೋದಿಲ್ಲ, ಒಪ್ಪಿದೆ. ಆದರೆ ಆರೋಕೆ ಬಿಡುವೆಲ್ಲಿ? ನಾಲ್ಕನೇ ಸುತ್ತಿಗೆ ನನ್ನೊಳಗೆ ಗುಳ್ಳೆ ಎದ್ದವು. ದ್ರವವನ್ನು ಒತ್ತಿದರೆ ಒತ್ತಡ ಮುಂದಕ್ಕೆ ಹೋಗುತ್ತೆ. ಗುಳ್ಳೆಯನ್ನು ಒತ್ತಿದರೆ ಗುಳ್ಳೆ ಕುಗ್ಗುತ್ತೆ, ಅಷ್ಟೇ. ಪೆಡಲ್ ಇಡ್ಲಿ ಥರ ಮೆತ್ತಗಾಗಿ ನೆಲ ಮುಟ್ಟಿತು.

ಪ್ರಶ್ನೆ: ಯಜಮಾನರು ಬ್ರೇಕ್ ಪ್ಯಾಡನ್ನು ಬೈಯುತ್ತಿದ್ದರು.

ಆಯಿಲ್: ಅದೂ ಸಾಚಾ ಅಲ್ಲ, ಕಂಪನಿಯಿಂದ ಬಂದ ಪ್ಯಾಡು ರೇಸಿಗೆ ಹುಟ್ಟಿದ್ದಲ್ಲ. ಆದರೆ ಪೆಡಲ್ ಕಲ್ಲಿನ ಹಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡಿನ ಕೊರಳಪಟ್ಟಿ ಹಿಡೀರಿ. ಪೆಡಲ್ಲೇ ಪಾತಾಳಕ್ಕಿಳಿದರೆ ನನ್ನದು. ನಿನ್ನೆಯದು ನನ್ನದೇ.

ಪ್ರಶ್ನೆ: ಆದರೆ ಅವರು ಬ್ರೇಕಿಗೆಂದೇ ಸಾಕಷ್ಟು ಖರ್ಚು ಮಾಡಿದ್ದಾರಲ್ಲ?

ಆಯಿಲ್: (ನಿಟ್ಟುಸಿರು, ಬಾಟಲಿಯಲ್ಲಿ ಒಂದು ಗುಳ್ಳೆ) ಜೆ.ಸಿ. ರಸ್ತೆಗೆ ಹೋಗಿ ಕೆಂಪು ಕ್ಯಾಲಿಪರ್ ಕವರ್ ತಂದರು. ಪ್ಲಾಸ್ಟಿಕ್ಕು. ಹಿಂದಿನ ಚಕ್ರಕ್ಕಿರೋದು ಡ್ರಮ್ಮು, ಕ್ಯಾಲಿಪರ್ರೇ ಇಲ್ಲ. ಅದರ ಮೇಲೂ ಒಂದು ಅಂಟಿಸಿದರು. ಆಮೇಲೆ ತೂತು ಕೊರೆದ ಡಿಸ್ಕು. ಎಲ್ಲರ ಮನೆ ದೋಸೆಯೂ ತೂತು ಅಂತಾರೆ, ಅದಕ್ಕೆ ಡಿಸ್ಕಿಗೂ ತೂತು ಹೊಡೆಸಬೇಕಾ? ಕಾದು ಆರಿ, ಕಾದು ಆರಿ, ಬಿರುಕು ಬಿಡೋದು ಆ ತೂತಿನ ಅಂಚಿನಿಂದಲೇ. ನಾಲ್ಕು ದೀಪಾವಳಿ ಕಳೆದವು, ನನ್ನನ್ನು ಬದಲಿಸೋಕೆ ಕೆಲವು ನೂರು ರೂಪಾಯಿ ಹುಟ್ಟಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಅಂದಹಾಗೆ, ನನ್ನದೊಂದು ಹನಿ ಬಿದ್ದರೆ ಪೇಂಟ್ ಕಿತ್ತು ಬರುತ್ತೆ. ಆ ಕೆಂಪಿನ ಮೇಲೆ ಬೀಳೋಣ ಅಂತ ಎಷ್ಟೋ ಸಲ ಅನ್ನಿಸಿದೆ.

ಪ್ರಶ್ನೆ: ಈಗ ಅವರು ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್ ಅನ್ನುತ್ತಿದ್ದಾರೆ. ಲಕ್ಷದ ಮಾತು.

ಆಯಿಲ್: ದೊಡ್ಡ ಡಿಸ್ಕ್ ಹೆಚ್ಚು ಶಾಖ ತಡಕೊಳ್ಳುತ್ತೆ, ಸುಳ್ಳಲ್ಲ. ಆದರೆ ಕಾರನ್ನು ಕೊನೆಗೆ ನಿಲ್ಲಿಸೋದು ಟೈರು. ಈಗಿನ ಬ್ರೇಕಿಗೇ ಎಬಿಎಸ್ ಗಡಗಡ ಅಂತಿದ್ದರೆ ಟೈರಿನ ಹಿಡಿತ ಅಲ್ಲಿಗೆ ಮುಗೀತು. ಮೇಲೆ ತಟ್ಟೆಯಷ್ಟು ಡಿಸ್ಕ್ ಹಾಕಿ, ಪರಾತದಷ್ಟು ಹಾಕಿ, ಒಂದು ಅಡಿ ಮೊದಲು ನಿಲ್ಲೋಲ್ಲ. ದೊಡ್ಡ ಕ್ಯಾಲಿಪರ್ ಹಾಕಿದರೆ ಸಣ್ಣ ವೀಲ್ ಒಳಗೆ ಅದು ಕೂರೋದಿಲ್ಲ. ಹೊಸ ವೀಲ್ ತಗೊಳ್ಳಿ, ಅದಕ್ಕೆ ಹೊಸ ಟೈರ್ ತಗೊಳ್ಳಿ. ಮುಂದಿನ ಬ್ರೇಕೊಂದನ್ನೇ ಬಲ ಮಾಡಿದರೆ ಹಿಂದಿನ ಡ್ರಮ್ಮು ಮದುವೆಮನೆ ಕಂಬದ ಥರ ನಿಂತುಕೊಂಡಿರುತ್ತೆ. ತಿಂಗಳುಗಟ್ಟಲೆ ಓಡಿಸಿ, ಒಳ್ಳೇ ಪ್ಯಾಡೂ ಸೋತರೆ ಆಗ ಕೊಳ್ಳಲಿ, ಯಾರು ಬೇಡ ಅಂದರು?

ಪ್ರಶ್ನೆ: ಹಾಗಾದರೆ ಪಕ್ಕಾ ರೇಸ್ ಪ್ಯಾಡ್ ಹಾಕಿಸಿದರೆ ಮುಗಿಯಿತಲ್ಲ?

ಆಯಿಲ್: ಅದು ಕಾದರೆ ಹುಲಿ, ತಣ್ಣಗಿದ್ದರೆ ಸೋಮಾರಿ. ಬೆಳಗ್ಗೆ ಆರಕ್ಕೆ ಹಾಲು ತರೋಕೆ ಹೊರಟರೆ ಮೊದಲ ಹಂಪಿನಲ್ಲಿ ಸರಿಯಾಗಿ ಹಿಡಿಯೋದೇ ಇಲ್ಲ. ಕೀಚಲು ಸದ್ದಿಗೆ ಇಡೀ ಬೀದಿ ಏಳುತ್ತೆ. ಟ್ರ್ಯಾಕಿಗೆ ಮುನ್ನೂರು ಕಿಲೋಮೀಟರ್ ಅದೇ ಕಾರಲ್ಲಿ ಹೋಗಿ ಬರೋರು ನಮ್ಮವರು. ರಸ್ತೆಗೂ ಟ್ರ್ಯಾಕಿಗೂ ನಡುವಿನ ಪ್ಯಾಡು ಸಾಕು. ಹಾಕಿಸಿದ ಮೇಲೆ ಹದ ಮಾಡಬೇಕು: ಒತ್ತಿ ಬಿಸಿ ಮಾಡು, ಬಿಡು, ಮತ್ತೆ ಒತ್ತು. ಹೊಸ ಕಾವಲಿ ಪಳಗಿಸೋ ಹಾಗೆ. ಕೊನೇ ಸುತ್ತು ನಿಧಾನಕ್ಕೆ ಓಡಿಸಿ ಆರಿಸಿ, ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಬೇಕು. ಇದಕ್ಕೆ ಕಾಸು ಖರ್ಚಿಲ್ಲ, ಅದಕ್ಕೇ ಯಾರೂ ಮಾಡೋಲ್ಲ.

ಅಷ್ಟರಲ್ಲಿ ಯಜಮಾನರ ಫೋನ್ ಬಂತು. "ಕೆಂಪು ಕವರ್ ಉಳಿಸ್ಕೊಳಪ್ಪ" ಎಂದದ್ದು ನಮಗೂ ಕೇಳಿಸಿತು. ಮೆಕ್ಯಾನಿಕ್ ಹೊಸ ಡಬ್ಬಿ ಒಡೆದು, ನಾಲ್ಕೂ ಚಕ್ರದಿಂದ ಉಳಿದ ಹಳೆಯದನ್ನು ಇಳಿಸಿ, ಮೇಲೆ ಜೇನಿನ ಬಣ್ಣದ ಆಯಿಲ್ ತುಂಬಿಸಿದ. ಕಾಲುಭಾಗ ಉಳಿಯಿತು. "ಮುಂದಿನ ಸಲಕ್ಕಾಗುತ್ತೆ" ಎಂದು ಅದನ್ನು ಕಿಟಕಿ ಮೇಲಿಟ್ಟ. ಹೊರಗೆ ಮಳೆ ಶುರುವಾಗಿತ್ತು. ಡಬ್ಬಿಯ ಮುಚ್ಚಳವನ್ನು ಪೂರ್ತಿ ತಿರುಗಿಸಿರಲಿಲ್ಲ.

ಹಳೇ ಆಯಿಲ್ ಬಾಟಲಿಯೊಳಗಿಂದಲೇ ಅತ್ತ ನೋಡಿತು. "ತಮ್ಮ ಶುರು ಮಾಡಿದ" ಎಂದಿತು.